ಓದುಗರ ಕಟ್ಟೆ: ಇದಾದ ಮೇಲೆ ಯಾವುದು ಓದಲಿ?

ಈಗ ಯಾವ ಪುಸ್ತಕ ಕೈಯಲ್ಲಿದೆ, ಎಲ್ಲಿ ತಡೆದು ನಿಂತಿದ್ದೀರಿ, ಬೇರೆಯವರಿಗೆ ಯಾವುದನ್ನು ಓದಿ ಅನ್ನುತ್ತೀರಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚು ಜನರಿಗೆ ಉಪಯೋಗವಾಗುವಂಥವನ್ನು ಆರಿಸಿ ಉತ್ತರಿಸಿದ್ದೇವೆ.

‘ಮಲೆಗಳಲ್ಲಿ ಮದುಮಗಳು’ ಮೂರು ಸಲ ಶುರು ಮಾಡಿ ಮೂರು ಸಲವೂ ನೂರನೇ ಪುಟದ ಆಸುಪಾಸಿನಲ್ಲಿ ಬಿಟ್ಟಿದ್ದೇನೆ. ಎಲ್ಲರೂ ಓದಲೇಬೇಕು ಅನ್ನುತ್ತಾರೆ. ನಾನು ಎಲ್ಲಿ ತಪ್ಪುತ್ತಿದ್ದೇನೆ?
– ದಾವಣಗೆರೆಯ ಓದುಗರು

ಅಲ್ಲಿಗೇ ಬಿಡುವವರು ಬಹಳ ಮಂದಿ ಇದ್ದಾರೆ, ಕಾರಣವೂ ಸ್ಪಷ್ಟವಾಗಿದೆ. 1967ರಲ್ಲಿ ಬಂದ ಈ ಕಾದಂಬರಿಗೆ ಒಬ್ಬ ನಾಯಕನಿಲ್ಲ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಕುವೆಂಪು ಆರಂಭದಲ್ಲೇ ಹೇಳಿಬಿಡುತ್ತಾರೆ. ನಾವು ಆ ಮಾತನ್ನು ಅಲಂಕಾರ ಅಂದುಕೊಂಡು ದಾಟಿ, ಮುಂದೆ ನಾಯಕನನ್ನು ಹುಡುಕುತ್ತಾ ಹೋಗುತ್ತೇವೆ. ನಾಯಿಗುತ್ತಿಯೇ ನಾಯಕ ಇರಬೇಕು ಅನ್ನಿಸುವಷ್ಟರಲ್ಲಿ ಕಥೆ ಇನ್ನೊಂದು ಮನೆಗೆ ಹೋಗಿರುತ್ತದೆ. ಅಲ್ಲಿ ಹತ್ತು ಹೊಸ ಹೆಸರುಗಳು. ಓದು ಕೆಡುವುದು ಇಲ್ಲೇ.

ಈ ಸಲ ಒಂದು ಹಾಳೆ ಇಟ್ಟುಕೊಂಡು ಶುರು ಮಾಡಿ. ಸಿಂಬಾವಿ, ಕೋಣೂರು, ಹಳೆಮನೆ, ಹೂವಳ್ಳಿ, ಬೆಟ್ಟಳ್ಳಿ – ಈ ಐದು ಹೆಸರನ್ನು ದೂರದೂರ ಬರೆಯಿರಿ. ಒಂದು ಪಕ್ಕಕ್ಕೆ ಮೇಗರವಳ್ಳಿ, ತೀರ್ಥಹಳ್ಳಿ ಇರಲಿ. ಹೊಸ ಹೆಸರು ಬಂದ ಕೂಡಲೇ ಅವರು ಯಾವ ಮನೆಯವರು ಎಂದು ನೋಡಿ ಆ ಮನೆಯ ಕೆಳಗೆ ಸೇರಿಸಿ: ಮೊದಲು ಯಜಮಾನ, ಆಮೇಲೆ ಮನೆಯವರು, ಆಮೇಲೆ ಆ ಮನೆಯ ಆಳುಗಳು. ಮೂರು ಜೋಡಿಗಳ ಹೆಸರಿಗೆ ಅಡಿಗೆರೆ ಎಳೆದು, ಜೋಡಿಯ ಇಬ್ಬರನ್ನೂ ಒಂದು ಗೆರೆಯಿಂದ ಸೇರಿಸಿ: ಗುತ್ತಿ–ತಿಮ್ಮಿ, ಐತ–ಪೀಂಚಲು, ಮುಕುಂದಯ್ಯ–ಚಿನ್ನಮ್ಮ. ಗುತ್ತಿ ಸಿಂಬಾವಿಯವನು, ತಿಮ್ಮಿ ಬೆಟ್ಟಳ್ಳಿಯವಳು. ಮುಕುಂದಯ್ಯ ಕೋಣೂರಿನವನು, ಚಿನ್ನಮ್ಮ ಹೂವಳ್ಳಿಯವಳು. ಈ ಗೆರೆಗಳು ಕೂಡಿದಾಗ ಇಡೀ ಕಾದಂಬರಿಯ ಓಡಾಟ ಹಾಳೆಯ ಮೇಲೆಯೇ ಕಾಣುತ್ತದೆ.

ಕಾಡಿನ ವರ್ಣನೆಯನ್ನು ಹಾರಿಸಿ ಓದಬೇಡಿ. ಯಾವ ಮನೆಯಿಂದ ಯಾವ ಮನೆಗೆ ಯಾವ ದಾರಿ, ಎಲ್ಲಿ ಹಳ್ಳ, ಎಲ್ಲಿ ಏರು ಎಂಬುದೆಲ್ಲ ಇರುವುದು ಆ ಪುಟಗಳಲ್ಲೇ. ಅವನ್ನು ಬಿಟ್ಟವರಿಗೆ ಮುಂದೆ ಯಾರು ಯಾರನ್ನು ಎಲ್ಲಿ ಸಂಧಿಸಿದರು ಎಂಬುದೇ ಗೊಂದಲವಾಗುತ್ತದೆ. ಸುಮಾರು 700 ಪುಟ. ದಿನಕ್ಕೆ 20 ಪುಟ ಓದಿದರೆ 35 ದಿನ. ಭಾನುವಾರ ಕೂತು 100 ಪುಟ ಓದಿ ಆಮೇಲೆ ವಾರವಿಡೀ ಮುಟ್ಟದೆ ಇರುವ ಕ್ರಮ ಈ ಪುಸ್ತಕಕ್ಕೆ ಒಗ್ಗುವುದಿಲ್ಲ, ಹೆಸರುಗಳು ಜಾರಿಹೋಗುತ್ತವೆ.

ಅಷ್ಟಾದರೂ ಕಷ್ಟವೆನಿಸಿದರೆ 1936ರ ‘ಕಾನೂರು ಹೆಗ್ಗಡಿತಿ’ಯನ್ನು ಮೊದಲು ಓದಿ. ಅದರಲ್ಲಿ ಹೂವಯ್ಯನ ಎಳೆ ಹಿಡಿದುಕೊಂಡು ಹೋಗಬಹುದು. ಮಲೆನಾಡಿನ ಮನೆವಾರ್ತೆ, ಮಾತಿನ ವರಸೆ ಅಲ್ಲೇ ರೂಢಿಯಾಗುತ್ತದೆ.

ಒಂಬತ್ತನೇ ತರಗತಿಯ ಮಗಳು ‘ಕರ್ವಾಲೋ’ವನ್ನು ಎರಡೇ ದಿನದಲ್ಲಿ ಓದಿ ಮುಗಿಸಿದಳು. ತೇಜಸ್ವಿಯವರದ್ದೇ ಇನ್ನೊಂದು ಬೇಕಂತೆ. ಯಾವುದು ಕೊಡಲಿ?
– ಹಾಸನದ ಓದುಗರು

‘ಪರಿಸರದ ಕಥೆ’ ಕೊಡಿ. ಬಿಡಿಬಿಡಿ ಪ್ರಸಂಗಗಳು, ಒಂದೊಂದೂ ಒಂದೇ ಕೂರಿಕೆಗೆ ಮುಗಿಯುತ್ತದೆ. ಕರ್ವಾಲೋದಲ್ಲಿ ಬಂದ ಕಿವಿ ಎಂಬ ನಾಯಿ ಇಲ್ಲಿಯೂ ಇದೆ. ‘ಕಿವಿಯೊಡನೆ ಒಂದು ದಿನ’ದಿಂದಲೇ ಶುರು ಮಾಡಲಿ. ಆಮೇಲೆ ‘ಜುಗಾರಿ ಕ್ರಾಸ್’ (1994). ಓಟದ ಕಥೆ, ಅವಳ ವೇಗಕ್ಕೆ ತಕ್ಕದ್ದು. ನಡುನಡುವೆ ಜಿಮ್ ಕಾರ್ಬೆಟ್, ಕೆನೆತ್ ಆಂಡರ್ಸನ್ ಅವರ ಬೇಟೆಯ ಕಥೆಗಳನ್ನು ತೇಜಸ್ವಿ ಕನ್ನಡಕ್ಕೆ ತಂದಿರುವ ಪುಸ್ತಕಗಳನ್ನೂ ಓದಬಹುದು.

ಕರ್ವಾಲೋ ಇಷ್ಟವಾಯಿತೆಂದು ನೇರ ‘ಚಿದಂಬರ ರಹಸ್ಯ’ಕ್ಕೆ (1985) ಕಳಿಸುವ ರೂಢಿಯಿದೆ. ನಮ್ಮ ಅಭಿಪ್ರಾಯದಲ್ಲಿ ಎರಡು ವರ್ಷ ತಡೆಯುವುದು ಒಳ್ಳೆಯದು. ಮೇಲುನೋಟಕ್ಕೆ ಪತ್ತೇದಾರಿ ಕಥೆಯಂತೆ ಕಂಡರೂ ಊರೊಂದು ಜಾತಿ, ಮತದ ದ್ವೇಷದಲ್ಲಿ ಬೇಯುವ ಚಿತ್ರ ಅದರ ಹೊಟ್ಟೆಯಲ್ಲಿದೆ. ಕರ್ವಾಲೋದಲ್ಲಿ ಹಾರುವ ಓತಿಯ ಬೆನ್ನು ಹತ್ತಿದ ಖುಷಿಯಲ್ಲಿ ಹೋದ ಮಗು ಅಲ್ಲಿ ಮುಗ್ಗರಿಸುತ್ತದೆ.

ಗದುಗಿನ ಭಾರತ ಓದಲು ಹೊರಟಿದ್ದೇನೆ. ಹಳಗನ್ನಡದಷ್ಟು ಕಷ್ಟವಿಲ್ಲ ಅನ್ನುತ್ತಾರೆ, ಆದರೆ ಪದ ಎಲ್ಲಿ ಒಡೆಯಬೇಕೆಂದೇ ತಿಳಿಯುವುದಿಲ್ಲ. ಒಂದು ದಾರಿ ಹೇಳಿ.
– ತುಮಕೂರಿನ ಓದುಗರು

ನಿಮ್ಮ ತೊಡಕು ಅರ್ಥಕ್ಕಿಂತ ಮೊದಲು ಲಯದ್ದು. ಕುಮಾರವ್ಯಾಸನ ಇಡೀ ಕಾವ್ಯ ಭಾಮಿನಿ ಷಟ್ಪದಿಯಲ್ಲಿದೆ. ಆರು ಸಾಲಿನ ಪದ್ಯದಲ್ಲಿ 1, 2, 4, 5ನೇ ಸಾಲುಗಳಿಗೆ 3+4+3+4, ಒಟ್ಟು 14 ಮಾತ್ರೆ (ಅಕ್ಷರ ಉಚ್ಚರಿಸುವ ಕಾಲದ ಅಳತೆ: ಹ್ರಸ್ವಕ್ಕೆ ಒಂದು, ದೀರ್ಘದಂಥ ಗುರುವಿಗೆ ಎರಡು). 3 ಮತ್ತು 6ನೇ ಸಾಲುಗಳಿಗೆ 3+4 ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23. ಇದನ್ನು ಬಾಯಿಪಾಠ ಮಾಡಬೇಕಿಲ್ಲ, ಕೈಗೆ ಕಲಿಸಿದರೆ ಸಾಕು. ಕಾವ್ಯದ ಮೊದಲ ಪದ್ಯವನ್ನೇ ತೆಗೆದುಕೊಳ್ಳಿ:

ಶ್ರೀವ | ನಿತೆಯರ | ಸನೆವಿ | ಮಲರಾ

ಪ್ರತಿ ತುಂಡಿನ ಮೊದಲಿಗೆ ತೊಡೆಯ ಮೇಲೊಂದು ಪೆಟ್ಟು ಹಾಕಿ ಜೋರಾಗಿ ಓದಿ. ಲಯ ಒಡೆದದ್ದು ‘ಶ್ರೀವನಿತೆಯರಸನೆ’ ಎಂಬ ಪದದ ನಡುವೆಯೇ, ಅದರ ಚಿಂತೆ ಬೇಡ. ಸಾಲು ನಿಂತಿರುವುದು ‘ರಾ’ ಮೇಲೆ. ಈ ‘ರಾ’ಕ್ಕೆ ತಾನಾಗಿ ಅರ್ಥವಿಲ್ಲ. ಮುಂದಿನ ಸಾಲು ‘ಜೀವಪೀಠನ’ ಎಂದು ಶುರುವಾಗುತ್ತದೆ. ಎರಡೂ ಸೇರಿದರೆ ‘ರಾಜೀವಪೀಠನ’, ಅಂದರೆ ತಾವರೆಯ ಮೇಲೆ ಕೂತ ಬ್ರಹ್ಮ. ಹೊಸಬರು ಎಡವುವ ಜಾಗವೇ ಇದು: ಸಾಲು ಮುಗಿದಲ್ಲಿ ಉಸಿರು ನಿಲ್ಲಿಸುತ್ತಾರೆ, ಪದ ಎರಡು ಹೋಳಾಗುತ್ತದೆ, ಅರ್ಥ ಕೈತಪ್ಪುತ್ತದೆ. ನಿಲ್ಲಬೇಕಾದದ್ದು 3 ಮತ್ತು 6ನೇ ಸಾಲಿನ ಕೊನೆಯಲ್ಲಿ ಮಾತ್ರ.

ಎರಡನೆಯ ಆಸರೆ ಪ್ರಾಸ. ಆರೂ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರುತ್ತದೆ. ಈ ಪದ್ಯದಲ್ಲಿ ಶ್ರೀವ, ಜೀವ, ಪಾವ, ರಾವ, ಧಾವಿ, ಕಾವು. ಅದು ಸರಿಬರದಿದ್ದರೆ ನೀವು ಸಾಲನ್ನು ತಪ್ಪು ಜಾಗದಲ್ಲಿ ಶುರು ಮಾಡಿದ್ದೀರಿ, ಇಲ್ಲವೇ ಮುದ್ರಣದಲ್ಲಿ ಅಕ್ಷರ ತಪ್ಪಿದೆ. ಮುದ್ರಣದ ತಪ್ಪು ಹಿಡಿಯಲು ಮಾತ್ರೆಯೂ ಸಹಾಯಕ್ಕೆ ಬರುತ್ತದೆ. ಕೊನೆಯ ಸಾಲಿನಲ್ಲಿ ‘ವೀರನಾರಯಣ’ ಎಂದು ರಕಾರ ಹ್ರಸ್ವವಾಗಿರಬೇಕು: ವೀರ | ನಾರಯ | ಣ. ಯಾರೋ ತಿದ್ದಿ ‘ವೀರನಾರಾಯಣ’ ಮಾಡಿದ್ದರೆ ಒಂದು ಮಾತ್ರೆ ಹೆಚ್ಚಾಗಿ ಕೈತಾಳ ತಪ್ಪುತ್ತದೆ.

ಒಂದು ಪದ್ಯಕ್ಕೆ ಮೂರು ಓದು: ಮೊದಲನೆಯದು ತಾಳಕ್ಕೆ, ಎರಡನೆಯದು ಪದ ಬಿಡಿಸಲು, ಮೂರನೆಯದು ಅರ್ಥಕ್ಕೆ. ದಿನಕ್ಕೆ ಹತ್ತು ಪದ್ಯ ಸಾಕು. ಪ್ರತಿ ಸಂಧಿಯ, ಅಂದರೆ ಅಧ್ಯಾಯದ, ತಲೆಯ ಮೇಲೆ ‘ಸೂಚನೆ’ ಎಂದು ಅರ್ಧ ಪದ್ಯ ಇರುತ್ತದೆ. ಸಂಧಿಯಲ್ಲಿ ಏನಾಗುತ್ತದೆಂದು ಅದರಲ್ಲೇ ಹೇಳಿದೆ, ಬಿಡಬೇಡಿ.

ಎಂಟು ಸಾವಿರಕ್ಕೂ ಮಿಕ್ಕಿದ ಪದ್ಯಗಳನ್ನು ಆದಿಪರ್ವದಿಂದಲೇ ಓದಿಕೊಂಡು ಬರಬೇಕೆಂಬ ಹಟ ಬೇಡ. ವಿರಾಟಪರ್ವದಿಂದ ಹೊರಡಿ. ಉತ್ತರಕುಮಾರ ಅಂತಃಪುರದಲ್ಲಿ ಕೊಚ್ಚಿಕೊಂಡು, ರಣರಂಗ ಕಂಡೊಡನೆ ರಥದಿಂದ ಧುಮುಕಿ ಓಡುವ ಭಾಗದಲ್ಲಿ ಕುಮಾರವ್ಯಾಸನ ಆಡುಮಾತು ಎಷ್ಟು ಹತ್ತಿರದ್ದೆಂದು ಯಾರಿಗಾದರೂ ತಿಳಿಯುತ್ತದೆ. ಆಮೇಲೆ ಸಭಾಪರ್ವದ ದ್ಯೂತ, ಅದಾದ ಮೇಲೆ ಕರ್ಣಪರ್ವ. ಗದಾಪರ್ವಕ್ಕೆ ಕಾವ್ಯ ಮುಗಿಯುತ್ತದೆ. ಒಟ್ಟು ಹತ್ತೇ ಪರ್ವ, ಹದಿನೆಂಟಲ್ಲ. ‘ಉಳಿದ ಸಂಪುಟ ಎಲ್ಲಿ ಸಿಗುತ್ತದೆ’ ಎಂದು ಕೇಳಿ ಪತ್ರ ಬರೆಯುವವರಿದ್ದಾರೆ, ಅದಕ್ಕೇ ಈ ಮಾತು.

ಬೂಕರ್ ಬಂದ ಬಾನು ಮುಷ್ತಾಕ್ ಅವರ ಪುಸ್ತಕವನ್ನು ಕನ್ನಡದಲ್ಲೇ ಓದಬೇಕು. ಮೂಲದ ಹೆಸರೇನು?
– ಬೆಳಗಾವಿಯ ಓದುಗರು

2025ರ ಅಂತರರಾಷ್ಟ್ರೀಯ ಬೂಕರ್ ಬಂದದ್ದು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ. ಕನ್ನಡದ ಯಾವುದೋ ಒಂದು ಸಂಕಲನದ ನೇರ ಅನುವಾದ ಅದಲ್ಲ. 1990ರಿಂದ 2023ರವರೆಗೆ ಬರೆದ ಕಥೆಗಳಲ್ಲಿ 12ನ್ನು ಆರಿಸಿದ್ದಾರೆ. ಆದ್ದರಿಂದ ಅಂಗಡಿಯಲ್ಲಿ ಪುಸ್ತಕದ ಹೆಸರು ನೋಡಿ ಕೊಳ್ಳುವ ಬದಲು ಪರಿವಿಡಿ ನೋಡಿ ಕೊಳ್ಳಿ. ‘ಎದೆಯ ಹಣತೆ’, ‘ಬೆಂಕಿ ಮಳೆ’, ‘ಕರಿ ನಾಗರಗಳು’, ‘ಒಮ್ಮೆ ಹೆಣ್ಣಾಗು ಪ್ರಭುವೇ’ ಈ ನಾಲ್ಕನ್ನು ಹುಡುಕಿ. ಮೊದಲು ‘ಕರಿ ನಾಗರಗಳು’ ಓದಿ. ಗಿರೀಶ್ ಕಾಸರವಳ್ಳಿಯವರ ‘ಹಸೀನಾ’ ಚಿತ್ರಕ್ಕೆ ಆಧಾರ ಇದೇ. ಮುತವಲ್ಲಿ ಅಂದರೆ ಮಸೀದಿಯ, ವಕ್ಫ್ ಆಸ್ತಿಯ ಆಡಳಿತ ನೋಡುವವರು ಎಂಬುದೊಂದು ಗೊತ್ತಿದ್ದರೆ ಆ ಕಥೆಯಲ್ಲಿ ಹೆಣ್ಣು ಯಾರೆದುರು ನ್ಯಾಯ ಕೇಳುತ್ತಿದ್ದಾಳೆ, ಅದೇಕೆ ಅಷ್ಟು ಕಷ್ಟ ಎಂಬುದು ತಿಳಿಯುತ್ತದೆ.

‘ಕುಸುಮಬಾಲೆ’ಯ ಭಾಷೆ ತಲೆಗೆ ಹತ್ತುತ್ತಿಲ್ಲ.
– ಉಡುಪಿಯ ಓದುಗರು

ಬಾಯಿಬಿಟ್ಟು ಓದಿ. ನಂಜನಗೂಡು, ಚಾಮರಾಜನಗರದ ಕಡೆಯ ಮಾತು ಕಣ್ಣಿಗೆ ಅಪರಿಚಿತ, ಕಿವಿಗೆ ಅಷ್ಟಲ್ಲ. ಅದಕ್ಕೂ ಮೊದಲು ದೇವನೂರ ಮಹಾದೇವರದೇ ‘ಒಡಲಾಳ’ ಮುಗಿಸಿ. ಕಳೆದುಹೋದ ಹುಂಜ ಹುಡುಕುವ ಸಾಕವ್ವನ ಮಾತು ಒಮ್ಮೆ ಒಗ್ಗಿತೆಂದರೆ ‘ಕುಸುಮಬಾಲೆ’ಯ ಅರ್ಧ ದಾರಿ ಸವೆದಂತೆ. ಧಾರವಾಡ ಸೀಮೆಯ ಮಾತು ತುಂಬಿದ ಶ್ರೀನಿವಾಸ ವೈದ್ಯರ ‘ಹಳ್ಳ ಬಂತು ಹಳ್ಳ’ಕ್ಕೂ ಇದೇ ಉಪಾಯ.

ನಮ್ಮ ಬಡಾವಣೆಯಲ್ಲಿ ಓದುಗರ ವಾಟ್ಸಾಪ್ ಗುಂಪು ಇದೆ. ಎಲ್ಲರೂ ಮುಖಪುಟದ ಫೋಟೋ ಹಾಕಿ ‘ತುಂಬಾ ಚೆನ್ನಾಗಿದೆ, ಓದಿ’ ಅನ್ನುತ್ತಾರೆ. ಯಾರೂ ಓದುವುದಿಲ್ಲ. ಏನು ಮಾಡುವುದು?
– ಮೈಸೂರಿನ ಓದುಗರು

‘ಚೆನ್ನಾಗಿದೆ’ ಎಂಬ ಮಾತಿನಿಂದ ಎದುರಿನವರಿಗೆ ಏನೂ ಸಿಗುವುದಿಲ್ಲ. ಅವರಿಗೆ ಬೇಕಾದದ್ದು ಎಷ್ಟು ಪುಟ, ಎಷ್ಟು ಹೊತ್ತು, ಎಲ್ಲಿ ನಿಧಾನ, ತನಗೆ ಹೊಂದುತ್ತದೋ ಇಲ್ಲವೋ ಎಂಬುದು. ಲೇಖಕ, ಪ್ರಕಾಶನ, ಪುಟ, ಬೆಲೆ ಒಂದೇ ಸಾಲಿನಲ್ಲಿ ಹಾಕಿ. ಅದರ ಕೆಳಗೆ ಮೂರು ವಾಕ್ಯ ಸಾಕು: ಕಥೆ ಎಲ್ಲಿ ಶುರುವಾಗುತ್ತದೆ, ಓದುವಾಗ ಏನು ಎದುರಾಗುತ್ತದೆ, ಯಾರಿಗೆ ರುಚಿಸಲಿಕ್ಕಿಲ್ಲ. ಉದಾಹರಣೆಗೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಬಗ್ಗೆ ಹೀಗೆ ಬರೆಯಬಹುದು:

‘ಕಾಫಿ ಹೌಸಿನಲ್ಲಿ ಕೂತವನೊಬ್ಬ ತನ್ನ ಮನೆಯ ಕಥೆ ಹೇಳುತ್ತಾನೆ. ಕಷ್ಟದಲ್ಲಿ ಒಟ್ಟಿಗಿದ್ದ ಸಂಸಾರಕ್ಕೆ ಮಸಾಲೆ ವ್ಯಾಪಾರದಿಂದ ದುಡ್ಡು ಬಂದ ಮೇಲೆ ಏನಾಯಿತು ಎಂಬುದು ವಿಷಯ. ಸಣ್ಣ ಪುಸ್ತಕ, ಒಂದು ಸಂಜೆಯ ಓದು. ಎಲ್ಲವನ್ನೂ ಬಿಡಿಸಿ ಹೇಳುವ ಮುಕ್ತಾಯ ಬೇಕೆನ್ನುವವರಿಗೆ ಹಿಡಿಸಲಿಕ್ಕಿಲ್ಲ.’

ಇಷ್ಟು ಓದಿದವರು ತೀರ್ಮಾನ ಮಾಡಬಲ್ಲರು. ಕೊನೆ ಬಿಚ್ಚಿಡಬಾರದು ಎಂಬುದು ಗುಂಪಿನ ಮೊದಲ ನಿಯಮವಾಗಲಿ. ಈಗ ಓದುತ್ತಿರುವ ಪುಸ್ತಕವಾದರೆ ಪುಟದ ಸಂಖ್ಯೆ ಹಾಕಿ: ‘ಪುಟ 84, ಇಲ್ಲಿ ಸ್ವಲ್ಪ ಎಳೆದಂತಿದೆ.’ ಅದೇ ಪುಸ್ತಕ ಮುಗಿಸಿದವರೊಬ್ಬರು ‘110 ದಾಟಿ, ಸರಿಹೋಗುತ್ತದೆ’ ಅನ್ನಬಹುದು. ಗುಂಪಿನಿಂದ ನಿಜವಾಗಿ ಸಿಗುವ ಲಾಭ ಇದು. ಅರ್ಧಕ್ಕೆ ಬಿಟ್ಟ ಪುಸ್ತಕವನ್ನೂ ಯಾವ ಪುಟದಲ್ಲಿ, ಏಕೆ ಬಿಟ್ಟಿರೆಂದು ಬರೆಯಿರಿ.

ತಿಂಗಳಿಗೊಂದು ಪುಸ್ತಕ ಎಲ್ಲರೂ ಒಟ್ಟಿಗೆ ಓದುವುದಾದರೆ 150 ಪುಟದೊಳಗಿನದನ್ನು ಆರಿಸಿ, ಮತ್ತು ಅಂಗಡಿಯಲ್ಲಿ ಪ್ರತಿ ಇದೆಯೇ ಎಂದು ಮೊದಲು ವಿಚಾರಿಸಿ. ಕನ್ನಡ ಪುಸ್ತಕಗಳು ಸಾಮಾನ್ಯವಾಗಿ ಸಣ್ಣ ಸಂಖ್ಯೆಯಲ್ಲಿ ಅಚ್ಚಾಗುತ್ತವೆ. ಹದಿನೈದು ಜನ ಒಪ್ಪಿದ ಮೇಲೆ ಮೂರೇ ಪ್ರತಿ ಸಿಕ್ಕಿ ಯೋಜನೆ ನಿಂತುಹೋಗುತ್ತದೆ. ಪುಸ್ತಕ ಎರವಲು ಕೊಡುವಾಗ ಗುಂಪಿನಲ್ಲೇ ಒಂದು ಸಾಲು ಹಾಕಿ: ಯಾವುದು, ಯಾರಿಗೆ, ಯಾವ ತಾರೀಕಿಗೆ ವಾಪಸು. ಮೂರು ವಾರ ಸರಿಯಾದ ಗಡುವು.

ಮಗ ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಅಕ್ಷರ ಕಲಿತಿದ್ದಾನೆ, ಓದು ನಿಧಾನ. ಯಾವ ಪುಸ್ತಕ?
– ಡಲ್ಲಾಸಿನ ಓದುಗರು

ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಮಕ್ಕಳ ಪುಸ್ತಕಗಳು ಉಚಿತವಾಗಿ ಸಿಗುತ್ತವೆ, 1ರಿಂದ 4ರವರೆಗೆ ಹಂತ ಗುರುತಿಸಿದ್ದಾರೆ. ವಯಸ್ಸು ನೋಡದೆ 1ನೇ ಹಂತದಿಂದ ಶುರು ಮಾಡಿ. ಮಕ್ಕಳು ನಿಲ್ಲುವುದು ಹೆಚ್ಚಾಗಿ ಒತ್ತಕ್ಷರದ ಮುಂದೆ. ಒಂದು ಪುಟದಲ್ಲಿ ಐದಕ್ಕಿಂತ ಹೆಚ್ಚು ಸಲ ನಿಂತರೆ ಆ ಪುಸ್ತಕ ಸದ್ಯಕ್ಕೆ ಬೇಡ. ಒಂದು ಪುಟ ನೀವು, ಒಂದು ಪುಟ ಅವನು.

ಗುಂಪಿನಲ್ಲಿ ಪುಸ್ತಕಗಳ ಪಿಡಿಎಫ್ ಹಂಚುತ್ತಾರೆ. ಹಳೆಯ ಪುಸ್ತಕಗಳಾದರೆ ತಪ್ಪಿಲ್ಲವಲ್ಲ?
– ಶಿವಮೊಗ್ಗದ ಓದುಗರು

ಪುಸ್ತಕ ಎಷ್ಟು ಹಳೆಯದು ಎಂಬುದು ಲೆಕ್ಕಕ್ಕೆ ಬರುವುದಿಲ್ಲ, ಲೇಖಕರು ತೀರಿಕೊಂಡು ಎಷ್ಟು ವರ್ಷವಾಯಿತು ಎಂಬುದು ಬರುತ್ತದೆ. ಭಾರತದ ಕಾನೂನಿನಲ್ಲಿ, ಲೇಖಕರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗೆ ಅವರು ತೀರಿದ ಮರುವರ್ಷದ ಜನವರಿ 1ರಿಂದ 60 ವರ್ಷ ಹಕ್ಕು ಉಳಿಯುತ್ತದೆ. ತ್ರಿವೇಣಿ 1963ರಲ್ಲಿ ತೀರಿಕೊಂಡರು. ಬದುಕಿದ್ದಾಗ ಅವರು ಪ್ರಕಟಿಸಿದ ಕಾದಂಬರಿಗಳ ಅವಧಿ 2023ರ ಕೊನೆಗೆ ಮುಗಿದಿದೆ. ಮಾಸ್ತಿ ತೀರಿದ್ದು 1986ರಲ್ಲಿ, ಹಾಗಾಗಿ 2046ರ ಕೊನೆಯವರೆಗೆ. ಕುವೆಂಪು 1994, ಹಾಗಾಗಿ 2054. ತೇಜಸ್ವಿ 2007, ಹಾಗಾಗಿ 2067. ‘ಕರ್ವಾಲೋ’ ಪಿಡಿಎಫ್ ಹಂಚುವುದು ಕಾನೂನಿಗೂ ತಪ್ಪು, ಪುಸ್ತಕ ಮತ್ತೆ ಮತ್ತೆ ಅಚ್ಚು ಮಾಡಿ ಜೀವಂತ ಇಟ್ಟಿರುವ ಪ್ರಕಾಶಕರಿಗೂ ಅನ್ಯಾಯ.

ಹಕ್ಕಿನ ಅವಧಿ ಮುಗಿದ ಕೃತಿಯೆಂದು ಇತ್ತೀಚಿನ ಮುದ್ರಣವನ್ನು ಇಡಿಯಾಗಿ ಸ್ಕ್ಯಾನ್ ಮಾಡಬಾರದು. ಅದರಲ್ಲಿರುವ ಹೊಸ ಮುನ್ನುಡಿ, ಟಿಪ್ಪಣಿ, ಮುಖಪುಟದ ಚಿತ್ರಗಳಿಗೆ ಬೇರೆಯೇ ಹಕ್ಕಿದೆ. ಹಳೆಯ ಕೃತಿಗಳಿಗೆ ಕನ್ನಡ ವಿಕಿಸೋರ್ಸ್ ನೋಡಿ. ಹಕ್ಕಿರುವ ಪುಸ್ತಕ ಅಂಗಡಿಯಲ್ಲಿ ಸಿಗದಿದ್ದರೆ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಲೇಖಕರ ಹೆಸರು, ಪ್ರಕಾಶನ, ವರ್ಷ ಮೂರನ್ನೂ ಚೀಟಿಯಲ್ಲಿ ಬರೆದುಕೊಟ್ಟು ಕೇಳಿ. ಬರೀ ಪುಸ್ತಕದ ಹೆಸರು ಹೇಳಿದರೆ ಕಪಾಟಿನಲ್ಲಿದ್ದರೂ ಹುಡುಕಿ ಕೊಡುವುದು ಅವರಿಗೆ ಕಷ್ಟ.