ಅಮೆರಿಕದಲ್ಲಿ ಫಿಸಿಯೋ ಕೆಲಸ: ಮೊದಲು ಸಿಲಬಸ್ ತೆಗೆದಿಡಿ

ಫಿಸಿಯೋಥೆರಪಿ ಪದವಿ ಬಿಪಿಟಿ ಮುಗೀತು, ಅಮೆರಿಕಕ್ಕೆ ಬಂದು ಮಾಸ್ಟರ್ಸ್ ಮಾಡಿದರೆ ಫಿಸಿಯೋ ಕೆಲಸ ಸಿಗುತ್ತಾ ಎಂದು ಕೇಳಿದ್ದೀರಿ. ದಯವಿಟ್ಟು ಆತುರಪಡಬೇಡಿ. ಇಲ್ಲಿ ರೋಗಿಯನ್ನು ಮುಟ್ಟಬೇಕಾದರೆ ಲೈಸೆನ್ಸ್ ಬೇಕು, ಅದನ್ನು ಕೊಡುವುದು ಆಯಾ ರಾಜ್ಯದ ಬೋರ್ಡ್. ಸಾಲ ಮಾಡಿ ಯಾವುದೋ ಮಾಸ್ಟರ್ಸ್ ಓದಿ, ಆಮೇಲೆ ಲೈಸೆನ್ಸ್‌ಗೆ ಅದು ಲೆಕ್ಕಕ್ಕೇ ಬರಲ್ಲ ಅಂತ ಗೊತ್ತಾಗಿ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ.

ಇಲ್ಲಿ ಓದಿದವರು ಡಿಪಿಟಿ ಎಂಬ ಡಾಕ್ಟರೇಟ್ ಮಾಡಿ ಬರುತ್ತಾರೆ. ನಿಮ್ಮ ನಾಲ್ಕೂವರೆ ವರ್ಷದ ಓದು ಅದಕ್ಕೆ ಸರಿಸಮ ಅಂತ ತೋರಿಸಬೇಕು. ಹೊರದೇಶದ ಫಿಸಿಯೋ ಪದವಿಗಳನ್ನು ತೂಗಿ ನೋಡುವ ಎಫ್‌ಸಿಸಿಪಿಟಿಯಂಥ ಸಂಸ್ಥೆ ಒಂದೊಂದು ವಿಷಯವನ್ನೂ ತೆಗೆದು ನೋಡುತ್ತದೆ. ಕಡಿಮೆ ಬಿದ್ದ ಕ್ರೆಡಿಟ್‌ಗಳನ್ನು ಕೋರ್ಸ್ ಮಾಡಿ ತುಂಬಿಸಿಕೊಳ್ಳಬೇಕು. ಅದಕ್ಕೇ ತುಂಬಾ ಜನ ಟ್ರಾನ್ಸಿಷನಲ್ ಡಿಪಿಟಿ, ಅಂದರೆ ಈಗಾಗಲೇ ಫಿಸಿಯೋ ಓದಿದವರು ಡಿಪಿಟಿ ಮಟ್ಟಕ್ಕೆ ಬರಲು ಮಾಡುವ ಕೋರ್ಸ್, ಮಾಡುತ್ತಾರೆ. ಹಾಗಾಗಿ ಪೂರ್ತಿ ಸಿಲಬಸ್, ಕ್ಲಿನಿಕಲ್ ಪೋಸ್ಟಿಂಗ್‌ನಲ್ಲಿ (ರೋಗಿಗಳ ಜೊತೆಗಿನ ತರಬೇತಿ) ಕಳೆದ ಗಂಟೆಗಳ ಪತ್ರ, ಎಲ್ಲಕ್ಕೂ ಕಾಲೇಜಿನ ಸೀಲ್ ಹಾಕಿಸಿ ಈಗಲೇ ತೆಗೆದಿಡಿ. ನನ್ನ ಕಾಲೇಜಿನಿಂದ ಆ ಒಂದು ಲಕೋಟೆ ಬರೋಕೆ ಏಳು ತಿಂಗಳು ಹಿಡಿಯಿತು. ಅಷ್ಟೂ ದಿನ ಮನೆಯಲ್ಲೇ ಕೂತಿದ್ದೆ.

ಇಷ್ಟು ಕಟ್ಟುನಿಟ್ಟು ಯಾಕೆ ಅಂತ ಆಗ ಬೇಜಾರಾಗಿತ್ತು. ಕೆಲಸಕ್ಕೆ ಸೇರಿದ ಮೇಲೆ ಅರ್ಥವಾಯಿತು. ಇಲ್ಲಿನ 50 ರಾಜ್ಯಗಳಲ್ಲೂ ಒಂದಲ್ಲ ಒಂದು ಮಟ್ಟಿಗೆ ರೋಗಿಗಳು ಡಾಕ್ಟರ ಚೀಟಿ ಇಲ್ಲದೆ ನೇರ ನಮ್ಮ ಹತ್ತಿರ ಬರಬಹುದು. ಸೊಂಟ ನೋವು ಅಂತ ಬಂದವರು ಮೂತ್ರದ ಹಿಡಿತವೂ ತಪ್ಪಿದೆ ಅಂದರೆ, ಅದು ವ್ಯಾಯಾಮ ಹೇಳಿಕೊಡುವ ಹೊತ್ತಲ್ಲ. ತಕ್ಷಣ ಎಮರ್ಜೆನ್ಸಿಗೆ ಕಳಿಸಬೇಕು. ಮೂತ್ರದ ಹಿಡಿತ ಸರಿಯಿದೆಯಾ ಅಂತ ಕೇಳೋಕೆ ಅಲ್ಲಿ ಬೇರೆ ಯಾರೂ ಇರಲ್ಲ, ನೀವೇ ಕೇಳಬೇಕು ಅಲ್ವಾ?

ಲೈಸೆನ್ಸ್‌ಗೆ ಬರೆಯಬೇಕಾದ ಪರೀಕ್ಷೆಯ ಹೆಸರು ಎನ್‌ಪಿಟಿಇ. 200ರಿಂದ 800ರವರೆಗಿನ ಅಂಕದಲ್ಲಿ 600 ಬಂದರೆ ಪಾಸ್. ಜೀವಮಾನಕ್ಕೆ ಆರೇ ಅವಕಾಶ, ಸುಮ್ನೆ ಒಂದ್ಸಲ ನೋಡೋಣ ಅಂತ ಬರೆಯಬೇಡಿ. ಇಂಗ್ಲಿಷ್ ಪರೀಕ್ಷೆ ಟೋಫೆಲ್‌ನಲ್ಲಿ ಮಾತಾಡುವ ಭಾಗಕ್ಕೆ ಜಾಸ್ತಿ ತಯಾರಾಗಿ.

ಮಾತಿನ ವಿಷಯ ನಿಜಕ್ಕೂ ದೊಡ್ಡದು. ಸೊಂಟದ ಮೂಳೆ ಮುರಿದಿದ್ದ ಅಜ್ಜಿಯೊಬ್ಬರಿಗೆ ನಡೆಯೋಣವಾ ಎಂದು ಕೇಳಿದೆ. "ಐ ಆಮ್ ಆಲ್ ಸೆಟ್" ಅಂದರು. ತಯಾರಾಗಿದ್ದಾರೆ ಅಂದುಕೊಂಡು ವಾಕರ್ ಮುಂದಿಟ್ಟೆ. ಅವರು ಹೇಳಿದ್ದು ಬೇಡ ಅಂತ. ಅವತ್ತಿನಿಂದ ಕಾಲಿಗಿಂತ ಮೊದಲು ಮುಖ ನೋಡುತ್ತೇನೆ.

ಈ ವಾರವೇ ಕಾಲೇಜಿಗೆ ಹೋಗಿ ಬನ್ನಿ. ಗಂಟೆಗಳ ಪತ್ರ ಕೈಗೆ ಸಿಕ್ಕಮೇಲೆ ಬರೆಯಿರಿ, ಯಾವ ರಾಜ್ಯದಲ್ಲಿ ಅರ್ಜಿ ಹಾಕಬಹುದು ಅಂತ ಒಟ್ಟಿಗೆ ನೋಡೋಣ.