ನೈಜೀರಿಯಾದ ಮಕ್ಕಳ ಆಟಗಳು ನಮ್ಮ ಆಟಗಳನ್ನು ಹೋಲುತ್ತವೆಯೇ? ಅಲ್ಲಿನ ಊರಿನ ಬದುಕಿನಲ್ಲಿ ಅವಕ್ಕೆ ಏನು ಬೆಲೆ?

ಹೋಲುತ್ತವೆ, ಕೆಲವಂತೂ ಎದೆ ಝಲ್ಲೆನ್ನುವಷ್ಟು. ಎಂಬತ್ತರ ದಶಕದಲ್ಲಿ ನನ್ನ ಗಂಡ ನೈಜೀರಿಯಾದಲ್ಲಿ ಗಣಿತದ ಮೇಷ್ಟ್ರಾಗಿದ್ದರು. ಆ ಕಾಲದಲ್ಲಿ ಭಾರತದಿಂದ ಬಹಳ ಮಂದಿ ಹಾಗೆ ಪಾಠ ಹೇಳಲು ಹೋಗಿದ್ದರು. ನಾವಿದ್ದದ್ದು ಇಬಾದಾನ್‌ನಲ್ಲಿ, ಯೊರುಬಾ ಜನರ ದೊಡ್ಡ ಊರು. ಹಾಗಾಗಿ ನಾನು ಹೇಳುವುದು ಹೆಚ್ಚಾಗಿ ಯೊರುಬಾ ಮಕ್ಕಳ ಮಾತು.

ನಮ್ಮ ಬೀದಿಯ ಕೊನೆಗೊಂದು ಹಳೆಯ ವಠಾರವಿತ್ತು. ಅಣ್ಣತಮ್ಮಂದಿರ ಸಂಸಾರಗಳೆಲ್ಲ ಒಂದೇ ಅಂಗಳದ ಸುತ್ತ ಇರುವಂಥದ್ದು. ಅದಕ್ಕೆ ‘ಅಗ್ಬೊ ಇಲೆ’ ಎನ್ನುತ್ತಾರೆ. ಅಂಗಳದ ಮರದಡಿ ಒಬ್ಬ ಮುದುಕರು ಮಣೆ ಮುಂದಿಟ್ಟುಕೊಂಡು ಕೂತಿರುತ್ತಿದ್ದರು. ಮೊದಲ ಸಲ ಕಂಡಾಗ ನಾನು ದಾರಿಯಲ್ಲೇ ನಿಂತುಬಿಟ್ಟೆ. ಅದು ನಮ್ಮ ಚೆನ್ನೆಮಣೆ! ಪುತ್ತೂರಿನ ಅಜ್ಜಿಮನೆಯಲ್ಲಿ ಆಟಿ ತಿಂಗಳ ಮಳೆಗೆ ಹೊರಗೆ ಕಾಲಿಡಲಾಗದೆ ನಾವು ಆಡುತ್ತಿದ್ದದ್ದೇ. ಎರಡರಲ್ಲೂ ಎರಡೇ ಸಾಲು; ನಮ್ಮದರಲ್ಲಿ ಸಾಲಿಗೆ ಏಳು ಗುಳಿ, ಅವರದರಲ್ಲಿ ಆರು. ಗುಳಿಗೆ ನಾಲ್ಕರಂತೆ ನಮಗೆ 56 ಕಾಯಿ ಬೇಕು, ಅವರಿಗೆ 48. ನಾವು ಕೆಂಪು ಮಂಜೊಟ್ಟಿ ಹಾಕುತ್ತಿದ್ದೆವು. ಅವರದು ಬೂದುಬಣ್ಣದ ಗುಂಡು ಬೀಜ, ಕೈಗೆತ್ತಿಕೊಂಡು ನೋಡಿದರೆ ಗಜ್ಜುಗ. ಆಟದ ಹೆಸರು ಅಯೊ. ಬೀಜಗಳನ್ನು ‘ಒಮೊ ಅಯೊ’ ಎನ್ನುತ್ತಾರೆ, ಅಂದರೆ ಅಯೊದ ಮಕ್ಕಳು.

ಆಡುವ ಬಗೆ ಹಲವು. ನಾನು ಕಲಿತದ್ದರಲ್ಲಿ, ಗುಳಿಗೊಂದರಂತೆ ಬಿತ್ತುತ್ತಾ ಹೋದ ಕೊನೆಯ ಬೀಜ ಎದುರಾಳಿಯ ಗುಳಿಗೆ ಬಿದ್ದು ಅಲ್ಲಿ ಎರಡೋ ಮೂರೋ ಆದರೆ ಅವು ನಮ್ಮವು. ಇನ್ನೊಂದು ನಿಯಮ ನನಗೆ ಬಹಳ ಇಷ್ಟ: ಎದುರಿನವರ ಸಾಲು ಪೂರಾ ಬರಿದಾಗಿದ್ದರೆ, ನಮ್ಮ ಕೈಲಾದರೆ ಅವರ ಕಡೆಗೆ ಬೀಜ ದಾಟಿಸಲೇಬೇಕು. ಅವರನ್ನು ಉಪವಾಸ ಕೆಡವಿ ಗೆಲ್ಲುವ ಹಾಗಿಲ್ಲ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಆ ಮರದಡಿಯಲ್ಲೇ ಇತ್ತು. ಯೊರುಬಾ ಮನೆಗಳಲ್ಲಿ ಹಿರಿಯರಿಗೆ ಕೊಡುವ ಗೌರವ ಕಟ್ಟುನಿಟ್ಟಿನದು. ಹುಡುಗರು ನೆಲಮುಟ್ಟಿ ಅಡ್ಡಬೀಳುತ್ತಾರೆ, ಹುಡುಗಿಯರು ಮಂಡಿಯೂರುತ್ತಾರೆ. ಮಣೆಯ ಮುಂದೆ ಮಾತ್ರ ಲೆಕ್ಕ ಬೇರೆ. ಚೆನ್ನಾಗಿ ಆಡುವವನು ‘ಓತ’, ಇನ್ನೂ ಪಳಗದವನು ‘ಓಪೆ’. ಹತ್ತಿರ ಬಂದವರು ಓತನಿಗೂ ಓಪೆಗೂ ನಮಸ್ಕಾರ ಅನ್ನುತ್ತಾರೆ. ಅದಕ್ಕೆ ಓತ ಮಾತ್ರ ಓಗೊಡಬೇಕು, ಓಪೆ ತುಟಿ ಬಿಚ್ಚುವಂತಿಲ್ಲ. ಇಲ್ಲಿ ವಯಸ್ಸು ಕೇಳುವವರಿಲ್ಲ. ಬೆಳಿಗ್ಗೆ ಆ ಮುದುಕರಿಗೆ ಅಡ್ಡಬಿದ್ದ ಹನ್ನೆರಡರ ಹುಡುಗ ಸಂಜೆ ಅವರನ್ನೇ ಸೋಲಿಸಿ, ‘ಬಾಬಾ, ಇನ್ನೂ ಕಲೀಬೇಕು ನೀವು’ ಎಂದು ಛೇಡಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಸುತ್ತ ಕೂತವರೆಲ್ಲ ಹೋ ಎಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಬಾಬಾನೇ. ಎದ್ದು ಹೋಗುವಾಗ ಅದೇ ಹುಡುಗ ಮತ್ತೆ ತಲೆಬಾಗಿ ನಡೆದ. ಎಲ್ಲಿ ಬಾಗಬೇಕು, ಎಲ್ಲಿ ಎದೆಯುಬ್ಬಿಸಬಹುದು ಎಂಬುದನ್ನು ಅವನಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಾರರು.

ಅಲ್ಲಿನ ಕಣ್ಣಾಮುಚ್ಚಾಲೆಗೆ ‘ಬೊಜುಬೊಜು’ ಎಂದು ಹೆಸರು. ಕಣ್ಣು ಮುಚ್ಚಿಕೊಂಡವನು ಓರೊ ಬರುತ್ತಿದೆ, ಅಡಗಿಕೊಳ್ಳಿ ಎಂದು ಹಾಡುತ್ತಾನೆ, ಕಣ್ಣು ಬಿಡಲೇ ಎಂದು ಕೇಳುತ್ತಾನೆ. ಓರೊ ಬರಿಯ ಗುಮ್ಮನಲ್ಲ, ಯೊರುಬಾ ಊರುಗಳ ದೈವ. ಅದರ ಆಚರಣೆಯ ಹೊತ್ತಿಗೆ ಹೆಂಗಸರು ಬಾಗಿಲು ಹಾಕಿ ಒಳಗಿರಬೇಕು. ಹೊರಗೆ ದಾರಕ್ಕೆ ಕಟ್ಟಿದ ಚಪ್ಪಟೆ ಮರದ ತುಂಡನ್ನು ಗಿರಗಿರನೆ ಬೀಸಿ ಗುಂಯ್‌ಗುಡಿಸುತ್ತಾರೆ. ದೊಡ್ಡವರು ನಿಜಕ್ಕೂ ಅಡಗುವ ಸಂಗತಿಯನ್ನು ಮಕ್ಕಳು ನಗುತ್ತಾ ಆಡುತ್ತಾರೆ. ಭೂತದ ಕೋಲ ನೋಡಿ ಬಂದ ಮರುದಿನ ಅಡಿಕೆ ಹಾಳೆ ಕಟ್ಟಿಕೊಂಡು ಕುಣಿಯುತ್ತಿದ್ದ ನಮಗೆ ಅದು ಅರ್ಥವಾಗದ್ದೇನಲ್ಲ.

ಕುಂಟಾಬಿಲ್ಲೆಯೂ ಇದೆ, ‘ಸುವೆ’ ಎನ್ನುತ್ತಾರೆ. ಗೆದ್ದವಳು ಹಿಡಿದ ಮನೆಯನ್ನು ಬೇರೆಯವರು ತುಳಿಯಬಾರದು. ಹುಡುಗಿಯರಿಗೆ ಪಂಚಪ್ರಾಣ ‘ಟೆನ್‌ಟೆನ್’. ಎದುರುಬದುರು ನಿಂತು, ಚಪ್ಪಾಳೆಯ ತಾಳಕ್ಕೆ ಜಿಗಿದು, ಇಬ್ಬರೂ ಒಮ್ಮೆಲೇ ಒಂದೊಂದು ಕಾಲು ಮುಂದೆ ಚಾಚುವುದು. ಕಾಲುಗಳು ಹೊಂದಿದರೆ ಒಬ್ಬಳಿಗೆ ಅಂಕ, ಹೊಂದದಿದ್ದರೆ ಇನ್ನೊಬ್ಬಳಿಗೆ. ನನ್ನ ಮಗಳಿಗೆ ಯೊರುಬಾ ಬರುವ ಮೊದಲೇ ಇದು ಬಂತು. ಗೆಳತಿಯರು ಸಿಕ್ಕಿದ್ದೂ ಇದರಿಂದಲೇ.

ಉತ್ತರದ ಹೌಸಾ ಹುಡುಗರ ‘ಲಂಗಾ’ದಲ್ಲಿ ಒಂದು ಪಾದವನ್ನು ಹಿಂದಕ್ಕೆ ಮಡಚಿ ಕೈಯಲ್ಲಿ ಹಿಡಿದು, ಕುಂಟುತ್ತಲೇ ಎದುರಾಳಿಯನ್ನು ಕೆಡವಬೇಕು. ರಂಜಾನ್‌ನಲ್ಲಿ ಹತ್ತು ದಿನ ಕಳೆದ ಮೇಲೆ ಅಲ್ಲಿನ ಮಕ್ಕಳು ವೇಷ ಹಾಕಿ ‘ತಾಶೆ’ ಆಡುತ್ತಾ ಮನೆಮನೆಗೆ ಹೋಗುತ್ತಾರೆ. ಅದನ್ನು ನಾನು ನೋಡಿಲ್ಲ, ಕಾನೊದಲ್ಲಿದ್ದ ಗೆಳತಿ ಹೇಳಿದ್ದು.

ಊರಿಗೆ ಹೊರಟಾಗ ಬಾಬಾ 48 ಬೀಜಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮಗಳ ಕೈಗಿಟ್ಟರು. ಅಜ್ಜಿಮನೆಯ ಮಣೆಗೆ ತುಂಬಿಸಹೋದರೆ ಎಂಟು ಕಡಿಮೆ ಬಿದ್ದವು. ಕಡಲ ದಂಡೆಯ ಪೊದೆಯಿಂದ ಎಂಟು ಗಜ್ಜುಗ ತಂದು ಸೇರಿಸಿದೆವು. ಈ ಆಟಿಯಲ್ಲಿ ಮೊಮ್ಮಗ ಆಡುವಾಗ, ಅಲ್ಲಿಂದ ಬಂದವು ಯಾವುವೆಂದು ಕೇಳಿದ. ಗುರುತಿಸಲು ಆಗಲಿಲ್ಲ.