ಆರ್‌ಟಿಒ ಆಫೀಸಾಗಿದ್ದ ಜನರಲ್ ತಿಮ್ಮಯ್ಯನವರ ಮನೆ

ಮಡಿಕೇರಿಯ ‘ಸನ್ನಿ ಸೈಡ್’, ಅಂದರೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆ, ಮ್ಯೂಸಿಯಂ ಆಗುವ ಮೊದಲು ಆರ್‌ಟಿಒ ಆಫೀಸಾಗಿತ್ತು ಅನ್ನೋದು ನಿಜಾನಾ, ಹಾಗೆ ಬಳಸಿದ್ದು ಅಂಥವರಿಗೆ ಅವಮಾನ ಅಲ್ವಾ ಅಂತ ಕೇಳಿದ್ದೀರಿ.

ನಿಜ, ತುಂಬಾ ವರ್ಷ ಅಲ್ಲಿ ಆರ್‌ಟಿಒ ಆಫೀಸೇ ಇತ್ತು. ನಾನೀಗ ಬೆಂಗಳೂರಿನಲ್ಲಿದ್ದೇನೆ, ಆದರೆ ಓದಿದ್ದು ಮಡಿಕೇರಿಯಲ್ಲಿ. ಎಲ್‌ಎಲ್‌ಆರ್ ಅಂದರೆ ಕಲಿಯುವವರ ಡ್ರೈವಿಂಗ್ ಲೈಸೆನ್ಸ್ ಮಾಡಿಸೋಕೆ ನಾನೂ ಅಲ್ಲೇ ಸಾಲಿನಲ್ಲಿ ನಿಂತಿದ್ದೆ. ಜನರಲ್ ಮನೆ ಅಂತ ಊರಲ್ಲಿ ಗೊತ್ತಿತ್ತು. ಆದರೆ ಸಾಲಿನಲ್ಲಿ ನಿಂತವರ ಗಮನ ಕೈಲಿರುವ ಫಾರಂ ಮೇಲೆ, ಫೋಟೊ ಅಂಟಿಸಿದ್ದು ಸರಿಯಾಗಿದೆಯಾ, ಸಹಿ ಬಿಟ್ಟು ಹೋಗಿದೆಯಾ, ಮಧ್ಯಾಹ್ನದ ಊಟಕ್ಕೆ ಕೌಂಟರ್ ಮುಚ್ಚುವ ಮೊದಲು ನಮ್ಮ ಸರದಿ ಬರುತ್ತಾ ಅನ್ನೋದರ ಮೇಲೇ ಇರುತ್ತಿತ್ತು.

ಅವಮಾನ ಅಂತ ನನಗೆ ಅನ್ನಿಸುವುದಿಲ್ಲ. ಮಡಿಕೇರಿ ಮಳೆ ನೋಡಿದವರಿಗೆ ನಾನು ಹೇಳೋದು ಬೇಗ ಅರ್ಥವಾಗುತ್ತದೆ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಬೀಗ ಹಾಕಿದ ಹಳೇ ಮನೆಯಲ್ಲಿ ಒಂದು ಹೆಂಚು ಜರುಗಿದರೆ ಸಾಕು. ಮೊದಲು ಹೆಂಚಿನ ಕೆಳಗಿನ ರೀಪು ನೆನೆಯುತ್ತದೆ, ಆಮೇಲೆ ಅದನ್ನು ಹೊತ್ತ ಪಕಾಸಿ, ನಂತರ ಗೋಡೆಯೊಳಗೆ ನೀರು ಇಳಿಯುತ್ತದೆ, ಅಷ್ಟರಲ್ಲಿ ಗೆದ್ದಲು ಬಂದಿರುತ್ತದೆ, ಮತ್ತು ಇಷ್ಟೂ ಆಗುವಾಗ ಒಳಗೆ ಹೋಗಿ ತಲೆ ಎತ್ತಿ ನೋಡುವವರೇ ಇರುವುದಿಲ್ಲ. ಕೊಡಗಿನಲ್ಲಿ ಮಕ್ಕಳೆಲ್ಲ ಹೊರಗೆ ಹೋಗಿ ಹೀಗೇ ಕುಸಿದ ಮನೆಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಫೀಸಿದ್ದರೆ ಕಡತದ ಮೇಲೆ ನೀರು ತೊಟ್ಟಿಕ್ಕಿದ ದಿನವೇ ಯಾರೋ ಒಬ್ಬರು ಏಣಿ ತರಿಸುತ್ತಾರೆ. ದಿನಾ ಬಾಗಿಲು ತೆಗೆದು, ಕಿಟಕಿ ತೆಗೆದು, ಕಸ ಗುಡಿಸುವುದೇ ಹಳೇ ಮನೆಗೆ ಅರ್ಧ ರಿಪೇರಿ.

ಹಾಗಂತ ಸರ್ಕಾರಿ ಆಫೀಸು ಬಂದರೆ ಎಲ್ಲ ಒಳ್ಳೇದೇ ಅಂತಲ್ಲ. ಹಳೇ ಮನೆಗಳಿಗೆ ಕಚೇರಿ ಬಂದಾಗ ಪ್ಲೈವುಡ್ ಪಾರ್ಟಿಷನ್ ಏಳುತ್ತದೆ, ಗೋಡೆ ಮೇಲೆಲ್ಲಾ ವೈರ್ ಹರಿಯುತ್ತದೆ, ಮರದ ಕೆತ್ತನೆ ಮೇಲೆ ಆಯಿಲ್ ಪೇಂಟ್ ಬೀಳುತ್ತದೆ. ಇವನ್ನೆಲ್ಲ ಕೀಳಬಹುದು, ಕೆರೆಯಬಹುದು. ಕುಸಿದ ಮಾಡನ್ನು ಮತ್ತೆ ತರೋಕಾಗುವುದಿಲ್ಲ.

ಮಡಿಕೇರಿಯಲ್ಲಿ ಇದೇನು ಹೊಸದೂ ಅಲ್ಲ. ಕೋಟೆಯೊಳಗಿನ ಅರಮನೆಯಲ್ಲಿ ರಾಜರ ನಂತರ ಬಹಳ ಕಾಲ ಸರ್ಕಾರಿ ಕಚೇರಿಗಳಿದ್ದವು, ಪಕ್ಕದಲ್ಲಿದ್ದ ಇಂಗ್ಲಿಷರ ಚರ್ಚು ಈಗ ಸರ್ಕಾರಿ ಮ್ಯೂಸಿಯಂ. ನಮ್ಮ ಬೆಂಗಳೂರಿನ ರಾಜಭವನವನ್ನೇ ನೋಡಿ, ಮೈಸೂರಿನ ಬ್ರಿಟಿಷ್ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1840ರ ಆಸುಪಾಸಿನಲ್ಲಿ ತನಗೆ ಅಂತ ಕಟ್ಟಿಸಿಕೊಂಡ ಬಂಗಲೆ ಅದು. ಆಮೇಲೆ ಬ್ರಿಟಿಷ್ ರೆಸಿಡೆನ್ಸಿ ಆಯ್ತು, ಈಗ ರಾಜ್ಯಪಾಲರು ಇದ್ದಾರೆ. ಹೀಗೆ ಕೆಲಸ ಸಿಕ್ಕಿದ ಬಂಗಲೆ ಉಳಿಯಿತು, ಸಿಗದ ಎಷ್ಟೋ ಬಂಗಲೆಗಳ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿವೆ.

ಸನ್ನಿ ಸೈಡ್‌ಗೆ ಒಳ್ಳೇ ದಿನ ಬಂದಿದ್ದು 2021ರ ಫೆಬ್ರವರಿ 6ರಂದು. ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಮ್ಯೂಸಿಯಂ ಉದ್ಘಾಟಿಸಿದರು. ನನಗೆ ನಿಜವಾಗಲೂ ತುಂಬಾ ಖುಷಿಯಾಗಿತ್ತು. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಹುಡುಗ 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು, ಕೊನೆಗೆ 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ನಡೆಸುತ್ತಿರುವಾಗಲೇ ತೀರಿಕೊಂಡರು.

ಮ್ಯೂಸಿಯಂ ಹೊರಗೆ ಒಂದು ಟ್ಯಾಂಕ್ ಇದೆ, ಎಲ್ಲರೂ ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ತೆಗೆದುಕೊಳ್ಳಿ, ಆದರೆ ಮಕ್ಕಳಿದ್ದರೆ ಜೋಜಿ ಲಾ ಕಥೆಯನ್ನೂ ಹೇಳಿ. 1948ರ ನವೆಂಬರ್ 1, ಪಾಕಿಸ್ತಾನದ ಜೊತೆ ಕಾಶ್ಮೀರದ ಯುದ್ಧ ನಡೆಯುತ್ತಿದ್ದ ಕಾಲ. ಜೋಜಿ ಲಾ ಅಂದರೆ ಕಾಶ್ಮೀರದಿಂದ ಲಡಾಖ್ ಕಡೆಗೆ ಹೋಗುವ, ಸುಮಾರು 11,500 ಅಡಿ ಎತ್ತರದ ಕಣಿವೆ ದಾರಿ. ಅಷ್ಟು ಮೇಲಕ್ಕೆ ಟ್ಯಾಂಕ್ ಬರುತ್ತದೆ ಅಂತ ಎದುರಾಳಿಗಳು ಎಣಿಸಿರಲೇ ಇಲ್ಲ. ದಾರಿಯ ಸೇತುವೆಗಳು ಭಾರ ತಡೆಯಲಿಕ್ಕಿಲ್ಲ ಅಂತ ಸ್ಟುವರ್ಟ್ ಟ್ಯಾಂಕ್‌ಗಳ ಮೇಲ್ಭಾಗ ಬಿಚ್ಚಿ, ಗುಟ್ಟಾಗಿ ಸಾಗಿಸಿ, ಮತ್ತೆ ಜೋಡಿಸಿ ಹತ್ತಿಸಿದರು. ಆಗ ಮೇಜರ್ ಜನರಲ್ ಆಗಿದ್ದ ತಿಮ್ಮಯ್ಯನವರು ತಾವೇ ಮುಂದಿನ ಟ್ಯಾಂಕಿನಲ್ಲಿ ಕೂತು ಹೋದರು. ಅವತ್ತು ಆ ದಾರಿ ತೆರೆದಿದ್ದರಿಂದಲೇ ಲೇಹ್ ಉಳಿಸಿಕೊಳ್ಳೋಕೆ ಅನುಕೂಲವಾಯ್ತು.

ನನ್ನ ಚಿಂತೆ ಇರುವುದು ಇನ್ನು ಮುಂದಿನ ದಿನಗಳ ಬಗ್ಗೆ. ಬೆಂಗಳೂರಿನಿಂದ ವೀಕೆಂಡಿಗೆ ಹೋಗುವ ನಾವು ರಾಜಾಸೀಟ್, ಅಬ್ಬಿ ಜಲಪಾತ ಮುಗಿಸಿ ಇಲ್ಲೂ ಒಂದು ರೌಂಡ್ ಹಾಕಿ ಬರುತ್ತೇವೆ, ಸರಿ. ಆದರೆ ಊರಿನವರು ಒಮ್ಮೆ ನೋಡಿದ ಮೇಲೆ ಮತ್ತೆ ಯಾಕೆ ಹೋಗಬೇಕು? ಆರ್‌ಟಿಒ ಇದ್ದಾಗ ಕೆಲಸಕ್ಕಾದರೂ ಹೋಗುತ್ತಿದ್ದರು. ಕೊಡಗಿನಲ್ಲಿ ಸೇನೆಗೆ ಹೋದವರಿಲ್ಲದ ಊರು ಹುಡುಕೋದು ಕಷ್ಟ. ಎಷ್ಟೋ ಮನೆಗಳ ಟ್ರಂಕಿನಲ್ಲಿ ಅಜ್ಜಂದಿರ ಪದಕ, ಗಡಿಯಿಂದ ಬರೆದ ಕಾಗದ, ಗುಂಪಿನ ಫೋಟೊ ಇವೆ, ಫೋಟೊದಲ್ಲಿರುವವರ ಹೆಸರು ಹೇಳಬಲ್ಲ ಅಜ್ಜಿಯಂದಿರೂ ಇನ್ನೂ ಇದ್ದಾರೆ. ಸನ್ನಿ ಸೈಡ್ ಮನೆಯಲ್ಲಿ ಒಂದು ಮೇಜು, ಒಂದು ಸ್ಕ್ಯಾನರ್, ಹೆಸರು ಕೇಳಿ ಬರೆದುಕೊಳ್ಳುವ ಒಬ್ಬರು ಇದ್ದರೆ ಸಾಕು, ಕಾಗದ ಸ್ಕ್ಯಾನ್ ಮಾಡಿ ಅಲ್ಲೇ ವಾಪಸ್ ಕೊಡಬಹುದು. ನಿಮಗೆ ಮಡಿಕೇರಿಯಲ್ಲಿ ಪರಿಚಯದವರಿದ್ದರೆ ಈ ಮಾತನ್ನು ದಯವಿಟ್ಟು ಅವರ ಕಿವಿಗೆ ಹಾಕಿ, ನಾನೂ ನನ್ನ ಹಳೇ ಗೆಳೆಯರಿಗೆ ಹೇಳುತ್ತಲೇ ಇದ್ದೇನೆ.